ಹುಲಗಮ್ಮ ಮೊಸರು ಕೊಡುವತನಕ

ಊರಿನ ಹಿರಿಯರೇ, ನಮ್ಮನ್ನು ಅಗಲಿದ ಪಕೀರಪ್ಪನವರ ಹೆಂಡತಿ ಶಾಂತಕ್ಕನವರೇ, ತಳಕಲ್ಲಿನಿಂದ ಬಂದಿರುವ ಅವರ ಅಣ್ಣತಮ್ಮಂದಿರೇ — ಎಲ್ಲರಿಗೂ ಈ ಬಾಬಾಸಾಬನ ನಮಸ್ಕಾರ. ನಾನು ಗಂಗಾವತಿಯ ಲಾಡ್ಜಿನ ಅಡುಗೆಯವನು. ಒಲೆಯ ಮುಂದೆ ಮಾತಾಡಿ ರೂಢಿ, ಮೈಕಿನ ಮುಂದೆ ಅಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮಾಲೀಕರು ಮುಂದಿನ ಕುರ್ಚಿಯಲ್ಲೇ ಕುಳಿತಿದ್ದಾರೆ. ಇರಲಿ. ನಾಳೆ ಆ ಒಲೆ ನನ್ನದಿರುತ್ತದೋ ಇಲ್ಲವೋ, ಅವರ ಎದುರಿಗೇ ಹೇಳುತ್ತೇನೆ.

ಪಕೀರಪ್ಪನವರು ಎಪ್ಪತ್ತೆರಡನೇ ಇಸವಿಯಲ್ಲಿ ನಮ್ಮ ಲಾಡ್ಜಿಗೆ ಮ್ಯಾನೇಜರಾಗಿ ಬಂದರು. ಹೊಳೆಯಾಚೆಯ ಹಂಪಿ ನೋಡಲು ಬಂದವರನ್ನು ಕೋಣೆಯಲ್ಲಿ ಕೂಡಿಹಾಕುವುದು ಅವರಿಗೆ ಸೇರಲಿಲ್ಲ. ಈ ಊರಿಗೆ ಕರೆತಂದು ನಿಮ್ಮ ಮನೆಗಳಲ್ಲಿ ಇಳಿಸಿದರು. ನೀವೇನು ಮಾಡಿದಿರಿ? ಬಂದವರಿಗೆ ಮನೆ ಬಿಟ್ಟುಕೊಟ್ಟು, ನೀವು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿದಿರಿ! ನಗಬೇಡಿ ಮುದುಕಪ್ಪನವರೇ, ನೀವೂ ಮಲಗಿದ್ದಿರಿ. ಪೇಟೆಯಿಂದ ಬ್ರೆಡ್ಡು ಬೇರೆ ತರಿಸಿದಿರಿ. ಪಕೀರಪ್ಪನವರಿಗೆ ಬಂತು ನೋಡಿ ಸಿಟ್ಟು —

"ಅವರು ನಿಮ್ಮನ್ನ ನೋಡಾಕ ಬಂದಾರ್ರಿ, ನಿಮ್ಮ ಖಾಲಿ ಮನಿ ನೋಡಾಕಲ್ಲ! ನೀವು ಉಣ್ಣೂ ರೊಟ್ಟಿನ ಕೊಡ್ರಿ. ಬಾವಿ ನೀರು ಎಷ್ಟು ಮಂದಿಗೆ ಸಾಲ್ತೈತೋ ಅಷ್ಟ ಮಂದಿನ ಕರಕೊಂಡು ಬರ್ತೀನಿ. ಊರು ಊರಿನಂಗ ಇರ್ಲಿ."

ಅಷ್ಟೇ ಅವರ ವಿದ್ಯೆ. ಅದನ್ನೇ ಕೊನೆಯತನಕ ನಡೆಸಿದರು.

ಎಪ್ಪತ್ತೊಂಬತ್ತರ ಮಳೆಗಾಲ. ಇಲ್ಲೇ ನಿಮ್ಮ ನಡುವೆ ಕುಳಿತಿರುವ ಹುಲಗಮ್ಮನ ಮನೆಯಲ್ಲಿ ಗಂಡಹೆಂಡತಿ ಇಬ್ಬರು ಅತಿಥಿಗಳಿದ್ದರು, ದೊಡ್ಡ ಅಧಿಕಾರಿಯ ಕಡೆಯವರು. ಹೊಸಪೇಟೆಯಲ್ಲಿ ರೈಲು ಹಿಡಿಯಬೇಕು, ಆಚೆ ದಂಡೆಗೆ ಕಾರು ಬಂದು ನಿಂತಿದೆ. ಹೊಳೆ ಏರುತ್ತಿದೆ. ಮಾಲೀಕರು ದಂಡೆಗೆ ಬಂದು ಕೂಗಿದರು — "ಕಳಕಪ್ಪಾ, ಹರಿಗೋಲು ಇಳಸು!" ಅಂಬಿಗ ಕಳಕಪ್ಪ ನೀರು ನೋಡಿದ, ಪಕೀರಪ್ಪನವರ ಮುಖ ನೋಡಿದ.

ನಿಮಗೆ ಗೊತ್ತಲ್ಲ — ಮನೆಗೆ ಬಂದವರು ಹೊರಡುವಾಗ ಹುಲಗಮ್ಮ ಅವರ ಅಂಗೈಗೆ ಒಂದಿಷ್ಟು ಮೊಸರು ಹಾಕುತ್ತಾಳೆ. ಅದು ಅಪ್ಪಣೆ. ಅದು ಬೀಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಆವತ್ತು ಆಕೆ ಮೊಸರಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ಕುಳಿತುಬಿಟ್ಟಳು. "ಹೊಳಿ ಇಳೀಲಿ, ಆಮ್ಯಾಲ ಕೊಡ್ತೀನಿ."

ಮಾಲೀಕರು ಕೆಂಡವಾದರು. ಪಕೀರಪ್ಪನವರು ಹರಿಗೋಲಿಗೆ ಅಡ್ಡ ನಿಂತರು — ಹೀಗೆ, ಎರಡೂ ಕೈ ಚಾಚಿ. "ಹುಲಗವ್ವ ಮೊಸರು ಕೊಟ್ಟಿಲ್ರಿ. ಕೊಡೂತನಕ ಅವರು ನಿಮ್ಮ ಗಿರಾಕಿ ಅಲ್ಲ, ನನ್ನ ಗಿರಾಕಿನೂ ಅಲ್ಲ. ಆಕಿ ಮನಿಯವರು."

ಈ ಜಗಳ ಮುಗಿಯುವಷ್ಟರಲ್ಲಿ ನೀರು ದಂಡೆಯ ಕಲ್ಲುಗಳನ್ನು ಮುಚ್ಚಿ, ಕಟ್ಟಿದ್ದ ಹರಿಗೋಲನ್ನೇ ಕಿತ್ತುಕೊಂಡು ಹೋಯಿತು. ಇಬ್ಬರ ಜೀವ ಉಳಿಯಿತು. ಪಕೀರಪ್ಪನವರ ನೌಕರಿ ಹೋಯಿತು. ಅಲ್ಲೇ, ಆ ದಂಡೆಯ ಮೇಲೇ.

ಆಮೇಲೆ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಬೆಂಚೇ ಅವರ ಆಫೀಸು. ಅಲ್ಲಿಂದಲೇ ನಿಮ್ಮ ಮನೆಗಳಿಗೆ ಜನರನ್ನು ಕರೆತಂದರು. ಮೊನ್ನೆ ತಾವರಗೇರಾದಲ್ಲೂ ಇಂಥ ಮನೆಗಳನ್ನು ಹುಡುಕಲು ಹೋದವರು, ಮರಳುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಯಾರ ಕೈಯ ಮೊಸರೂ ಇಲ್ಲದೆ. ನನಗೆ ಅದೇ ಸಂಕಟ.

ಈಗ ಅಸಲು ಮಾತು. ಅವರು ತೀರಿಕೊಂಡ ಮರುದಿನದಿಂದ ಮಾಲೀಕರ ಕಡೆಯವರು ಮನೆಮನೆ ಸುತ್ತಿದ್ದಾರೆ. "ಪಕೀರಪ್ಪ ಇಲ್ಲ. ಇನ್ನ ಬಂದವರಿಗೆ ಏನರ ಆದ್ರ ಪೊಲೀಸರು ನಿಮ್ಮ ಬಾಗಲಕ್ಕ ಬರ್ತಾರ" ಎಂದು ಹೆದರಿಸಿದ್ದಾರೆ. ನೀವೂ ಹೆದರಿ, ಇನ್ನು ಯಾರನ್ನೂ ಇಳಿಸಿಕೊಳ್ಳುವುದಿಲ್ಲ ಎಂದಿದ್ದೀರಿ. ಹುಲಗಮ್ಮನೂ ಹಾಗೇ ಅಂದಳಂತೆ. ಆದರೆ ಇವತ್ತು ಸಂಜೆಯ ಬಸ್ಸಿಗೆ ನಾಲ್ಕು ಜನ ಬರುತ್ತಾರೆ. ಪಕೀರಪ್ಪನವರು ಮಾತು ಕೊಟ್ಟು ಕರೆದವರು. ಇಳಿದ ಕೂಡಲೇ ಪಕೀರಪ್ಪನವರ ಹೆಸರು ಹಿಡಿದು ಕೇಳುತ್ತಾರೆ. ಏನು ಹೇಳಲಿ? ಬಾಗಿಲುಗಳೂ ಅವರ ಜೊತೆಗೇ ಹೋದವು ಎನ್ನಲೇ? ಹೇಳಿ. ಯಾರಾದರೂ ಹೇಳಿ.



ಹಾಂ — ಹುಲಗಮ್ಮಾ, ಯಾಕವ್ವಾ ಎದ್ದಿ? ಶ್ರದ್ಧಾಂಜಲಿಯ ಒಂದು ನಿಮಿಷದ ಮೌನ ಇನ್ನ ಆಗಿಲ್ಲ, ಎಲ್ಲಿಗೆ ಹೊಂಟಿ? ಏನಂದಿ? ಜೋರಾಗಿ ಹೇಳವ್ವಾ, ಎಲ್ಲರಿಗೂ ಕೇಳಲಿ —

"ಹಾಲು ಕಾಸಿ ಹೆಪ್ಪು ಹಾಕಬೇಕು, ನಾಳಿ ಅವರು ಹೋಗೂಮುಂದ ಮೊಸರು ಬೇಕಲ್ಲ" ಅಂತಾಳೆ.

ದಾರಿ ಬಿಡಿ, ಆಕೆ ಹೋಗಲಿ. ನಾವು ಎದ್ದು ನಿಲ್ಲೋಣ. ಮಾಲೀಕರೇ, ನೀವೂ ಏಳಿ. ಇನ್ನು ಯಾರೂ ಮಾತಾಡಬೇಡಿ.