ಕದ್ದು ನೆಟ್ಟ ಹುಲ್ಲು

ನಲವತ್ತು ಹಸು ಕಟ್ಟಿದ್ದ ಶ್ರೀಮಂತನೊಬ್ಬನಿದ್ದ, ತಾಯಂದಿರೇ. ಐವತ್ತು ಎಕರೆ ಹುಲ್ಲುಗಾವಲು, ಮನೆ ತುಂಬ ಹಾಲು ಮೊಸರು. ಇಷ್ಟಿದ್ದೂ ಅವನಿಗೆ ಹೊಟ್ಟೆಕಿಚ್ಚು. ಯಾರ ಮೇಲೆ? ಮೂರೇ ಮೂರು ಹಸು ಸಾಕಿದ್ದ ಪಕ್ಕದ ಬಡವನ ಮೇಲೆ!

ಯಾಕೆ ಅಂತೀರಾ? ಬೇಸಿಗೆಯಲ್ಲಿ ಇವನ ಹುಲ್ಲುಗಾವಲು ಒಣಗಿ ನಿಂತಾಗ ಬಡವನ ಎರಡೆಕರೆಯಲ್ಲಿ ಮೊಳಕಾಲೆತ್ತರದ ಹಸಿರು ಹುಲ್ಲು. ಆ ಊರಲ್ಲಿ ಯಾರೂ ಕಂಡಿರದ ಹುಲ್ಲು. ದಿನಾ ಬೆಳಗ್ಗೆ ಬಡವ ಅದನ್ನು ಹೊರೆಗಟ್ಟಲೆ ಹೊತ್ತು ಸಾಗಿಸುತ್ತಿದ್ದ. ಅದನ್ನು ನೋಡಿ ನೋಡಿ ಶ್ರೀಮಂತನಿಗೆ ತಿಂದ ಅನ್ನ ಮೈಗೆ ಹತ್ತದಾಯಿತು.

ಹೆಂಡತಿ ಹೇಳಿದಳು, "ಅವನ ಹಸು ಆ ಬೇಲಿಯೊಳಕ್ಕೆ ಹೋಗಿದ್ದೇ ನಾನು ಕಂಡಿಲ್ಲ ಕಣ್ರೀ. ಹಳ್ಳದ ದಂಡೇಲಿ ಮೇಯ್ತವೆ."

"ನಿನಗೇನು ಗೊತ್ತಾಯ್ತದೆ? ಕೂಡಿಡ್ತಾ ಅವ್ನೆ ಕಣೇ, ಕಳ್ಳ!" ಎಂದ.

ನೋಡಿ, ಅಸೂಯೆಯ ಹತ್ತಿರ ಎಲ್ಲಕ್ಕೂ ಉತ್ತರ ಸಿದ್ಧವಾಗಿರುತ್ತದೆ. ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ದೊಡ್ಡಸ್ತಿಕೆಗೆ ಕಡಿಮೆಯಲ್ಲವೇ? ಒಂದು ಮಧ್ಯಾಹ್ನ ಬಡವ ಸಂತೆಗೆ ಹೋದಾಗ, ಈ ನಲವತ್ತು ಹಸುಗಳ ಒಡೆಯ ಬೇಲಿ ನುಸುಳಿ, ಹುಲ್ಲನ್ನು ಬುಡಸಮೇತ ಕಿತ್ತು ಮೂಟೆ ಕಟ್ಟಿಕೊಂಡು ಬಂದ. ಮೊದಲ ಮಳೆಗೆ ತನ್ನ ಹೊಲದುದ್ದಕ್ಕೂ ನೆಟ್ಟ.

ಎರಡೇ ವರ್ಷ. ಐವತ್ತು ಎಕರೆಯೂ ಹಚ್ಚಹಸಿರು. ಹಳೆಯ ಹುಲ್ಲಿನ ಸುಳಿವೇ ಇಲ್ಲ. ಹಸುಗಳು ಮೂಸಿದವು, ಮುಖ ತಿರುಗಿಸಿದವು. ಕೆಚ್ಚಲು ಬತ್ತಿತು. ಮೇವಿಲ್ಲದೆ ಹಸುಗಳನ್ನು ಒಂದೊಂದಾಗಿ ಬೇರೆಯವರ ಕೊಟ್ಟಿಗೆಗೆ ಅಟ್ಟಬೇಕಾಯಿತು. ಆಗಲೂ ಅವನ ಸಂಶಯ ಹೋಗಲಿಲ್ಲ. ಬಡವನ ಬಾಗಿಲಿಗೆ ಹೋಗಿ ಕೇಳಿದ, "ಅದೇನು ಬೆರೆಸಿ ತಿನ್ನಿಸ್ತೀಯೋ? ನಿನ್ನ ಹಸು ಮಾತ್ರ ಹೆಂಗೆ ತಿಂತಾವೆ ಆ ಹುಲ್ಲ?"

ಬಡವ ತಲೆಯ ಮೇಲೆ ಕೈಹೊತ್ತು ಕುಳಿತ. "ಅಯ್ಯೋ ಬುದ್ಧೀ, ಅದನ್ನ ಯಾವ ದನಾನೂ ತಿನ್ನಲ್ಲ! ಎಲ್ಲಿಂದ ಬಂತೋ ಹಾಳಾದ್ದು, ನನ್ನ ಮೇವೆಲ್ಲ ನುಂಗ್ತು. ಹೂ ಬಿಡೋಕೆ ಮುಂಚೆ ಬೇರು ಕಿತ್ತು, ದಿನಾ ಹೊತ್ಕೊಂಡೋಗಿ ಸುಡ್ತಿದ್ದೆ. ಇನ್ನೊಂದು ವರ್ಷಕ್ಕೆ ಪೂರ್ತಿ ಹೋಗಿರೋದು. ಈಗ ನಿಮ್ಮ ಕಡೆಯಿಂದ ಗಾಳೀಲಿ ಬೀಜ ಬಂದು ಬೀಳ್ತಾ ಅವೆ. ಕೀಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಕೇಳಿಸಿತೇ? ಇವನು ಇಷ್ಟು ದಿನ ಹೊಟ್ಟೆ ಉರಿದುಕೊಂಡದ್ದು ಆ ಬಡವನ ಕಷ್ಟವನ್ನು ಕಂಡು! ಮರುದಿನದಿಂದ ಇಬ್ಬರೂ ಒಟ್ಟಿಗೆ ಬಗ್ಗಿ ಬೇರು ಕಿತ್ತರು. ಈಗ ಒಬ್ಬನೇ ಕಿತ್ತರೆ ಆ ಹುಲ್ಲು ಹೋಗುವಂಥದ್ದಲ್ಲ, ಇನ್ನೊಬ್ಬನ ಕಡೆಯಿಂದ ಮತ್ತೆ ಬೀಜ ಹಾರಿ ಬರುತ್ತದೆ.

ನಗಬೇಡಿ. ಓರಗಿತ್ತಿಯ ಹೊಸ ಸೀರೆ ಕಂಡು ಉರಿದವರು ಇಲ್ಲಿ ಎಷ್ಟು ಮಂದಿ? ಪಕ್ಕದ ಅಂಗಡಿಯ ಮುಂದಿನ ಜನ ಎಣಿಸಿದವರು? ನಾನೇ ಹೇಳುತ್ತೇನೆ, ಮೊನ್ನೆ ಇನ್ನೊಬ್ಬರ ಪ್ರವಚನಕ್ಕೆ ಜನ ಕಿಕ್ಕಿರಿದಿದ್ದರು ಎಂದು ಕೇಳಿ ನನಗೆ ಆ ಹೊತ್ತಿನ ಊಟ ಸೇರಲಿಲ್ಲ. ಈ ಕಳೆ ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಹೂ ಬಿಡುವ ಮುಂಚೆ ಕೀಳಬೇಕು.

ಹೇಗೆ? ಯಾರನ್ನು ಕಂಡರೆ ನಿಮಗೆ ಉರಿಯುತ್ತದೋ, ಇವತ್ತು ಅವರ ಮನೆಗೆ ಹೋಗಿ. ಕೈ ಬೀಸಿಕೊಂಡೇ ಹೋಗಿ, ಏನೂ ಒಯ್ಯಬೇಡಿ. "ಹೇಗಿದ್ದೀರಿ?" ಎಂದು ಕೇಳಿ. ಮೊದಲು ಅವರು "ಚೆನ್ನಾಗಿದ್ದೇವೆ" ಅನ್ನುತ್ತಾರೆ. ಏಳಬೇಡಿ. ಅವರು ನಿಜ ಹೇಳುವವರೆಗೂ ಕುಳಿತಿರಿ.