ಟೆಸ್‌ಗೆ ಉಳಿದ ಎರಡು ದಿನ

ದಿಕ್ಕಿಲ್ಲದವರಿಗೆ ದಿಕ್ಕಾದ ದೇವನಿಗೆ ನಮಸ್ಕಾರ.

ಇಂಗ್ಲೆಂಡಿನ ಗಡಿ ಊರು ಕಾರ್ಲೈಲ್‌ನ ನ್ಯಾಯಾಲಯದ ಮೊಗಸಾಲೆಯಲ್ಲಿ ರೊವೆನಾ ಎಂಬಾಕೆ ಕಾಗದ ಹಿಡಿದು ಕುಳಿತಿದ್ದಳು. ಪಕ್ಕದಲ್ಲಿ ಅವಳ ಚಿಕ್ಕಮ್ಮ.

"ಐಲ್ಸಾ ಸ್ಕಾಟ್ಲೆಂಡಲ್ಲೂ ಕೇಸು ಹಾಕಿದ್ಳಲ್ಲ, ಚಿಕ್ಕಮ್ಮ. ನಾವಿಬ್ರೂ ಕೊನೇಗೆ ಸಂಸಾರ ಮಾಡಿದ್ದು ಅಲ್ಲೇ. ಅದಕ್ಕೇ ನಮ್ಮ ಸಿವಿಲ್ ಪಾರ್ಟ್ನರ್‌ಶಿಪ್, ಅದೇ ಮದ್ವೆ ಥರದ ನೋಂದಣಿ, ಮುರಿಯೋ ಕೇಸು ಇಲ್ಲಿ ನಿಲ್ಲಿಸಿದ್ರು."

"ನಿಲ್ಲಿಸ್ಲಿ ಬಿಡೇ. ಟೆಸ್ ಮಗು ನಿನ್ ಹತ್ರಾನೇ ಇರ್ಬೇಕು ಅಂತ ಆರ್ಡರ್ ಇದ್ಯಲ್ಲ!"

"ಕೇಸು ನಿಂತ ಮೂರು ತಿಂಗಳಿಗೆ ಅದೂ ಬಿದ್ದುಹೋಗುತ್ತಂತೆ. ನಾಡಿದ್ದಿಗೆ ಮೂರು ತಿಂಗಳು."

"ಅಯ್ಯೋ! ಆಮೇಲೆ?"

"ಅವ್ಳು ಸ್ಕೂಲಿಂದಲೇ ಟೆಸ್‌ನ ಕರ್ಕೊಂಡ್ಹೋದ್ರೆ ತಡೆಯೋಕೆ ನನ್ ಕೈಲಿ ಏನೂ ಇರಲ್ಲ."

"ಗಡಿ ಆಚೆ ಮನೆ ಬೇಡ ಅಂತ ನಾನಂದೆ. ಕುದುರೆ ಕಟ್ಟೋಕೆ ಜಾಗ ಇದೆ ಅಂತ ನೀನು ಕುಣಿದೆ!"

"ಈಗ ಬೈಬೇಡ. ಕೇಸು ನಿಂತಿದ್ರೂ, ತುರ್ತು ಅಂತ ಇಲ್ಲಿನ ಜಡ್ಜು ಒಪ್ಪಿದ್ರೆ ಮಾತ್ರ ಹೊಸ ಆರ್ಡರ್; ಅದನ್ನ ಕೇಳೋಕೇ ಬಂದಿರೋದು."

ಒಳಗಿನಿಂದ ಅವಳ ಹೆಸರು ಕೂಗಿದರು.

"ಏಳೇ, ನಾನಿದೀನಿ."

ಚಿಕ್ಕಮ್ಮ ಅವಳ ತೋಳು ಹಿಡಿದು ಒಳಗೆ ಕರೆದೊಯ್ದಳು.

ಇದನ್ನು ಕೇಳಿದವರೆಲ್ಲರ ಮಕ್ಕಳೂ ಸಂಜೆಗೆ ಸುಖವಾಗಿ ಮನೆ ಸೇರಲಿ.