ಸೋಮವಾರ ಅಮೃತಾಪುರಕ್ಕೆ

...ಬೇಡ, ಬೇಡ, ಇವತ್ತು ಮಾತ್ರ ರೈಲು ಬೇಡ ಲಿಂಗಮ್ಮನೋರೆ! ಸೋಮವಾರ ಪೂರ್ವಕ್ಕೆ ಶೂಲ. ಕೂಸು ಮೊದಲನೇ ಸಲ ಅಪ್ಪನ ಮನೆಗೆ ಹೋಗೋದು, ಇಂಥಾ ದಿನ ಕಡೂರಿನ ಕಡೆ ಹೊರಡ್ತಾರೇನ್ರೀ? ನನ್ನ ಮೊಮ್ಮಗಳು ಕಮಲಾಕ್ಷಿ ನಿಮ್ಮ ಸೊಸೆ, ಕೂಸು ನಿಮ್ಮ ವಂಶದ್ದು. ನಾನೇನು ಇಟ್ಕೋತೀನಾ? ನಾಳೆ ಕಳಿಸೋಣ ಅಂದ್ರೆ ಮಂಗಳವಾರ, ಹೆಣ್ಣುಮಕ್ಕಳನ್ನ ಕಳಿಸೋ ಹಾಗಿಲ್ಲ. ಬುಧವಾರ ಮಡಿಲು ತುಂಬಿ ನಾನೇ ರೈಲು ಹತ್ತಿಸ್ತೀನಿ.

ಅಲ್ಲೀವರೆಗೆ ಸುತ್ತಮುತ್ತ ನೋಡ್ಕೊಳ್ಳಿ! ಸಿಂಗಟಗೆರೆಯಿಂದ ತರೀಕೆರೆಗೆ ಬಂದು ಈ ಮುದುಕಿ ಮುಖ ನೋಡ್ಕೊಂಡೇ ಹೋಗ್ತೀರಾ? ಬೀರಯ್ಯನ ಗಾಡಿ ಬಾಗಿಲಿಗೇ ಬಂದಿದೆ. ಇವತ್ತು ಅಮೃತಾಪುರ. ಆ ಗುಡಿ ಕಂಬದಲ್ಲಿ ನಿಮ್ಮ ಮುಖ ನಿಮಗೇ ಕಾಣುತ್ತೆ, ಅಷ್ಟು ನುಣುಪು! ನಾಳೆ ಕೋಳಿ ಕೂಗೋ ಹೊತ್ತಿಗೆ ಹೊರಟ್ರೆ ಕಲ್ಲತ್ತಿಗಿರಿ. ಬೆಟ್ಟದ ನೀರು ದೇವರ ಮುಂದೇ ಸುರಿಯುತ್ತೆ. ಬುತ್ತಿ ಕಟ್ಟಿಟ್ಟಿದೀನಿ, ನೀವೂ ನಿಮ್ಮ ಮಗನೂ ಗಾಡಿ ಹತ್ತೋದೇ ಬಾಕಿ...

ಯಾಕೆ ನಗ್ತೀರಿ?

ಅಮೃತಾಪುರವೂ ಪೂರ್ವಕ್ಕೇನಾ? ಅಯ್ಯೋ... ಹೌದಲ್ಲ. ಅದು... ಹಾಗಲ್ಲ ಕಣ್ರೀ, ಸಂಜೆಗೆ ತಿರುಗಿ ಬರೋ ಪಯಣಕ್ಕೆ ಶೂಲ ಇಲ್ಲ. ನಮ್ಮ ನಂಜನಗೂಡಿನಲ್ಲಿ ಹಾಗೇ ಹೇಳ್ತಾರೆ. ನಲವತ್ತು ವರ್ಷವಾಯ್ತು ಈ ಸೀಮೆಗೆ ಬಂದು, ಇನ್ನೂ ಬಾಯಲ್ಲಿ ನಂಜನಗೂಡೇ! ನನ್ನ ತಮ್ಮ ಇದಾನೆ ಅಲ್ಲಿ, ಹೆಣ್ಣುಮಕ್ಕಳು ಅಂದ್ರೆ ಜೀವ ಬಿಡ್ತಾನೆ... ಇರಲಿ, ಆ ಮಾತು ಯಾಕೀಗ.

ಕಮಲಾಕ್ಷಿನಾ? ಕೆರೆಗೆ ಹೋದಳು ಅಂದೆನಲ್ಲ, ಬಟ್ಟೆ ರಾಶಿ ಇತ್ತು. ಬಂದ್ಬಿಡ್ತಾಳೆ. ಮೆತ್ತಗೆ, ಮೆತ್ತಗೆ! ತೊಟ್ಟಿಲ ಹತ್ರ ಬರಬೇಡಿ. ಈಗ ತಾನೆ ಕಣ್ಣು ಮುಚ್ಚಿದೆ, ನಾನೇ ತೂಗ್ತೀನಿ. ಮೂರೇ ತಿಂಗಳಿಗೆ ಎಷ್ಟು ಭಾರ! ಹಗ್ಗ ಕಿರ್ ಅನ್ನುತ್ತೆ ಕೇಳಿ.

ಚಟ್ನಿ ತರಿತರಿ ಇತ್ತಾ? ಮುದುಕಿ ಕೈ, ರುಬ್ಬೋಕಾಗಲ್ಲ. ಹಾಗೇ ಜಜ್ಜಿದೆ.

ಹೊರಗೇನು ಸದ್ದು... ನಿಮ್ಮ ಮಗ ಸೋಮಶೇಖರಪ್ಪ ಯಾಕೆ ರೇಗ್ತಿದಾನೆ? ಬೀರಯ್ಯನ ಬಾರುಕೋಲು ಕಿತ್ಕೊಂಡು... ಅಯ್ಯಯ್ಯೋ, ಸುಮ್ನೆ ನಿಂತಿರೋ ಎತ್ತಿಗೆ ಹೊಡೀತಾನಲ್ರೀ! ಇದೇನು, ಇಷ್ಟು ಸೆಕೆಯಲ್ಲಿ ನೀವ್ಯಾಕೆ ಮುಂಗೈ ತುಂಬ ಸೆರಗು ಎಳ್ಕೊಂಡ್ರಿ?

ಏನು ನೋಡ್ತಿದೀರಿ ಮೂಲೇಲಿ? ಒರಳು ಅದು. ಗುಂಡಾ... ಗುಂಡು ಪಕ್ಕದ ಮನೆ ಸಾವಿತ್ರಮ್ಮ ಇಸ್ಕೊಂಡು ಹೋದಳು. ಹೂಂ, ಬರೀ ಗುಂಡೇ... ಒರಳು ಬಿಟ್ಟು... ನಗಬೇಡಿ. ಯಾಕೆ ನಗೋದು ನಿಲ್ಲಿಸಿದ್ರಿ? ಬೇಡ ಲಿಂಗಮ್ಮನೋರೆ, ಹೊದಿಕೆ ತೆಗೀಬೇಡಿ! ಕೈ ಮುಗೀತೀನಿ, ಕಾಲು ಹಿಡೀತೀನಿ...

ಬರಿ ತೊಟ್ಟಿಲು ತೂಗಬಾರದಲ್ಲ... ಅದಕ್ಕೇ ಗುಂಡುಕಲ್ಲು ಮಲಗಿಸಿದೆ. ನಾಮಕರಣದ ದಿನ ನೀವೇ ಮೊದಲು ಮಲಗಿಸಿದ್ದ ಕಲ್ಲು.

ಹೌದು. ಬೆಳಗಿನ ರೈಲಿಗೆ ಹತ್ತಿಸಿಬಿಟ್ಟೆ. ನನ್ನ ತಮ್ಮನ ಹತ್ರ ಹೋಗೋಕೆ ಬೀರೂರಿನಲ್ಲಿ ಕೂಸು ಕಟ್ಕೊಂಡು ಒಬ್ಬಳೇ ಕೂತಿದಾಳೆ, ಬೆಂಗಳೂರಿನ ಕಡೆ ರೈಲಿಗೆ. ಅದು ಬರೋದು ಸಂಜೆಗೆ. ನೀವೀಗ ಹೊರಟ್ರೆ ರೈಲು ಬದಲಿಸೋಕೆ ಅವಳೆದುರಿಗೇ ಇಳೀತೀರಿ. ಇವತ್ತೊಂದು ದಿನ ಕಣ್ರೀ, ನನಗೆ ಬೇಕಿದ್ದು ಇವತ್ತೊಂದೇ ದಿನ! ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ನಾನು. ಆ ಬೆನ್ನು ನೋಡಿದೀನಿ. ಬಾರುಕೋಲಿನ ಬಾಸುಂಡೆ ಯಾವುದು ಅಂತ ನನಗೆ ಗೊತ್ತಾಗಲ್ವಾ? ನಿಮಗೂ ಗೊತ್ತಿತ್ತು... ಅಲ್ವಾ? ನಿಮ್ಮ ಸೆರಗು ಜಾರಿದೆ, ಲಿಂಗಮ್ಮನೋರೆ. ಆ ಮುಂಗೈ ಮೇಲಿನ ಗೆರೆ ಹಳೇದು. ಅದು ನಿಮ್ಮ ಮಗಂದಲ್ಲ, ಅವನಪ್ಪನ ಕಾಲದ್ದು.

ಏನಾದ್ರೂ ಅನ್ನಿ. ಬಯ್ಯಿರಿ. ಕೂಗಿ, ನಿಮ್ಮ ಮಗನ್ನ ಕೂಗಿ.

ಕೇಳಿಸ್ತಾ... ಅವನೇ ಕೂಗ್ತಿದಾನೆ. ‘ಅವ್ವಾ, ಕೂಸು ಎದ್ದೈತಾ’ ಅಂತಾನೆ.

ಲಿಂಗಮ್ಮನೋರೆ? ಯಾಕೆ... ಮತ್ತೆ ಹೊದಿಸ್ತಿದೀರಾ? ಹಗ್ಗ... ಹಗ್ಗ ಕೊಡ್ಲಾ?

ಮೆಲ್ಲಗೆ ತೂಗಿ ಕಣ್ರೀ. ಭಾರ ಐತೆ.